ವಾಲಿದ ಎಂಟು

ಬಿಟ್ಟಂಗಾಲದ ಬೊಳ್ಳಮ್ಮನವರ ಹಿಲ್‌ಮನ್ ಮಿಂಕ್ಸ್,
ಐವತ್ತನಾಲ್ಕರ ಮಾಡೆಲ್ಲು. ಬಣ್ಣ ಒಂದು ಕಾಲಕ್ಕೆ
ಎಳೆ ಬಟಾಣಿ ಹಸಿರು. ಈಗ ಏನೆಂದು ಹೇಳಲಿ,
ಕೆರೆಯಂಚಿನ ನೀರು.
ಗೇರು ಸ್ಟೇರಿಂಗಿನ ಕುತ್ತಿಗೆಯಲ್ಲೇ. ಹೊಸಬರು ಕೂತರೆ
ಮಂಡಿಯ ಹತ್ತಿರ ತಡಕುತ್ತಾರೆ,
ಕರೆಂಟು ಹೋದಾಗ ಚಪ್ಪಲಿ ಹುಡುಕಿದ ಹಾಗೆ.

ಕೊವೆಂಟ್ರಿಯಲ್ಲಿ ಹುಟ್ಟಿ, ಕೊಚ್ಚಿಯಲ್ಲಿ ಹಡಗಿಳಿದು,
ಮಾಕುಟ್ಟದ ತಿರುವಿನಲ್ಲಿ ಮೂರು ಸಲ ಕುದಿದು
ಪೆರುಂಬಾಡಿ ಹತ್ತಿತಂತೆ.
ಕೊಡಗು ಆಗ ತನ್ನದೇ ರಾಜ್ಯ.
ರಾಜ್ಯ ಹೋಯಿತು, ಪ್ಲೇಟಿನ ಮೇಲೆ ಅದರ ಅಕ್ಷರ ಉಳಿಯಿತು.
ಡಿಕ್ಕಿ ತೆಗೆದರೆ ಇವತ್ತಿಗೂ
ಮೂಲೆಯಲ್ಲೆಲ್ಲೋ ಕಿತ್ತಳೆ ವಾಸನೆ,
ತೋಟದಲ್ಲಿ ಒಂದು ಗಿಡವೂ ಇಲ್ಲ.

ಕೊಯಮತ್ತೂರಿನಿಂದ ಬಂದ ತಿರುವೇಂಗಡಂ
ಕರವಸ್ತ್ರದಲ್ಲಿ ಕಾಂತ ಸುತ್ತಿಕೊಂಡು
ಬಾಗಿಲು, ಮಡ್‌ಗಾರ್ಡು, ಛಾವಣಿ ಸವರಿದ.
ಅಂಟದ ಕಡೆಯೆಲ್ಲ ಒಳಗೆ ಪುಟ್ಟಿ;
ಅಲ್ಲೊಂದು ಸೀಮೆಸುಣ್ಣದ ಗೀಟು,
ಗೀಟಿಗೆ ಐದು ಸಾವಿರ ಕಡಿತ.
ಪ್ಲೇಟಿಗೆ ಮಾತ್ರ ಐವತ್ತು ಕೂಡಿಸಿದ.
ಆಮೇಲೆ ಬಾನೆಟ್ಟು ಎತ್ತಿ, ಸತ್ತವರ ಮನೆಗೆ ಬಂದವನಂತೆ
ಸ್ವಲ್ಪ ಹೊತ್ತು ಸುಮ್ಮನೆ ನಿಂತ.
ಒಳಗೆ ಅಂಬಾಸಿಡರಿನ ಇಂಜಿನ್.

‘ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ’ ಅಂದೆ.
‘ಕಾರಿಗೆ ಹಾಗಲ್ಲ ಮೇಸ್ತ್ರಿ’ ಅಂದ ಅವನು.
‘ಪುಸ್ತಕದ ನಂಬರಿನ ಇಂಜಿನ್ ಇದ್ದರೆ ಒಂಬತ್ತು ಲಕ್ಷ.
ಇಲ್ಲದಿದ್ದರೆ ಮೂರೂವರೆ, ಅದೂ ಪ್ಲೇಟಿನ ಮುಖ ನೋಡಿ.’
ಬೊಳ್ಳಮ್ಮ ಎಲೆಗೆ ಸುಣ್ಣ ಹಚ್ಚುತ್ತಿದ್ದರು.
‘ಹಳೇದು ಎಲ್ಲಿಗೆ ಹೋಗಿದೆ?
ಪಲ್ಪರ್ ಮನೆಯಲ್ಲಿದೆ. ನಮ್ಮ ಕಾಫಿ ಹಣ್ಣು ಸುಲಿದದ್ದು ಯಾರು ಮತ್ತೆ?’

ಇತ್ತು. ಗೋಣಿಯಡಿ, ಕಾಂಕ್ರೀಟಿಗೆ ಬೋಲ್ಟು ಹಾಕಿ ಕೂರಿಸಿದ್ದು.
ಪೆಟ್ರೋಲಲ್ಲಿ ಎದ್ದು ಸೀಮೆಎಣ್ಣೆಯಲ್ಲಿ ಓಡಿ
ಇಪ್ಪತ್ತೆಂಟು ಕುಯ್ಲು ಹಣ್ಣು ಸುಲಿದಿದೆ,
ಒಂದಡಿಯೂ ಮುಂದೆ ಹೋಗದೆ.
ಕಾರ್ಬುರೇಟರಿನ ಬಾಯಲ್ಲಿ ಕಣಜದ ಮಣ್ಣುಗೂಡು.
ಬ್ಲಾಕಿನ ಪಕ್ಕೆಗೆ ಒಣಗಿ ಕಲ್ಲಾದ ಹಣ್ಣಿನ ಸಿಪ್ಪೆ,
ಬೆರಳು ದಪ್ಪ.
ತಂತಿ ಬ್ರಷ್ಷಿನಲ್ಲಿ ನಾನು ಉಜ್ಜಿದೆ, ಅವನು ಟಾರ್ಚು ಹಿಡಿದ.
ಒಂದೊಂದೇ ಅಂಕಿ ಎದ್ದು ಬಂತು,
ಅವನು ಪುಸ್ತಕ ನೋಡಿ ಒಂದೊಂದಕ್ಕೂ ತಲೆಯಾಡಿಸಿದ.
ಕೊನೆಯದು ಎಂಟು.
‘ಒರಿಜಿನಲ್!’ ಅಂದ. ಗಂಟಲು ಕಟ್ಟಿತ್ತು ಪಾಪ.

ನನಗೂ ಕಟ್ಟಿತು, ಬೇರೆ ಕಾರಣಕ್ಕೆ.
ತಲೆ ಸಣ್ಣ, ಹೊಟ್ಟೆ ದಪ್ಪ, ಎಡಕ್ಕೆ ವಾಲಿದ ಆ ಎಂಟು
ನಮ್ಮ ಮನೆಯದು.
ಅಪ್ಪನ ಸ್ಪ್ಯಾನರುಗಳ ಮೇಲಿದೆ. ಚರ್ಚಿನ ಹಬ್ಬದೂಟದಲ್ಲಿ
ಯಾರದೋ ಪಾತ್ರೆ ಯಾರಿಗೋ ಆಗದಿರಲೆಂದು
ಅಮ್ಮನ ಅಲ್ಯೂಮಿನಿಯಂ ಮುಚ್ಚಳದ ಮೇಲೆ
ಮನೆ ನಂಬರು ಎಂಬತ್ತೆಂಟು, ಎರಡೂ ವಾಲಿದವು,
ಕುಡಿದು ಮನೆಗೆ ಹೊರಟ ಅಣ್ಣತಮ್ಮಂದಿರು.
ಬಿಸ್ಕತ್ತು ಡಬ್ಬಿಯಲ್ಲಿ ಆ ಪಂಚು ಈಗಲೂ ಇದೆ,
ಸುತ್ತಿಗೆಯೇಟಿಗೆ ತಲೆ ಅಣಬೆಯಾಗಿ ಅರಳಿದೆ.

ಅಂದರೆ ಕೊವೆಂಟ್ರಿಯ ಬ್ಲಾಕು ಎಂದೋ ಸೀಳಿತ್ತು.
ಯಾವ ಚರಂಡಿಗೆ ಬಿದ್ದ ಯಾವ ಮಿಂಕ್ಸಿನ ಎದೆ ತಂದು ಕೂರಿಸಿ,
ಅದರ ನಂಬರು ಅರದಲ್ಲಿ ಉಜ್ಜಿ,
ಸರ್ಕಾರದ ಕಣ್ಣಿಗೆ ಸರಿಹೊಂದಲೆಂದು
ಲಾಜರ್ ಮೇಸ್ತ್ರಿ ಮಂಡಿಯೂರಿ ಕೂತು ಹೊಡೆದನೋ.
ನನಗೆ ಹೇಳಿರಲಿಲ್ಲ.
ಇಷ್ಟು ದಿನ ತಾಳಿದ ಸುಳ್ಳನ್ನು
ಸುಳ್ಳೆನ್ನಲು ನಾಲಿಗೆಯೂ ಬರಲಿಲ್ಲ.

ಬೊಳ್ಳಮ್ಮನವರನ್ನು ಒಲೆಯ ಹತ್ತಿರ ಕರೆದು ಹೇಳಿದೆ.
ಅವರು ಒಂಬತ್ತರಲ್ಲಿ ಮೂರೂವರೆ ಕಳೆದರು,
ಬೆರಳು ಮಡಚಿ, ಇನ್ನೊಮ್ಮೆ ಕಳೆದರು.
‘ಹೇಳಿಬಿಡು’ ಅಂದರು. ‘ನಿನ್ನಪ್ಪನ ಕೆಲಸ
ಇಂಗ್ಲೆಂಡಿನವನ ಹೆಸರಲ್ಲಿ ಮಾರುವುದು ಯಾಕೆ?’

ತಿರುವೇಂಗಡಂ ಬಹಳ ಹೊತ್ತು ಎಂಟನ್ನೇ ನೋಡಿದ.
ಕಾಂತ ಇಟ್ಟ. ಅಂಟಿತು.
ಫೋನು ಮಾಡುತ್ತೇನೆ ಎಂದು ಹೋದವನು
ಇನ್ನೂ ಮಾಡಿಲ್ಲ.
ನಿನ್ನೆ ಕಣಜದ ಗೂಡು ತೆಗೆದು,
ಪ್ಲಗ್ಗು ಒರೆಸಿ, ಎರಡು ಲೋಟ ಪೆಟ್ರೋಲು ಕುಡಿಸಿದೆ.
ಹನ್ನೊಂದನೆಯ ಸುತ್ತಿಗೆ ಕೆಮ್ಮಿತು.