ಹಿಡಿಸೂಡಿಯ ಕಡ್ಡಿ

ಎಷ್ಟು ಟನ್ನಿನದ್ದು ಬೇಕು, ಕೇಳಿದ ಪುತ್ತುಮೋನು ಬ್ಯಾರಿ.
ನಾನು ಚೀಲದಿಂದ ಚಪ್ಪಲಿ ತೆಗೆದು
ಮೇಜಿನ ಮೇಲೆ ಇಟ್ಟೆ.
ಎಡಗಾಲಿನದ್ದು. ಒಂದೇ.
ಒಣಗಿದ ನಂಗಿನ ಹಾಗೆ ಚಪ್ಪಟೆ.

ತಿರುಗಿಸಿ ನೋಡಿದ.
'ಕಾಲು?'
'ಹೊರಗಿತ್ತು.'
'ಜಾಕಿನ ಅಡಿಗೆ ಎಂತ ಕೊಟ್ಟಿದ್ರಿ?'
'ಮುರಕಲ್ಲು.'
ಅವನು ಮಾತಾಡಲಿಲ್ಲ.
ಮುರಕಲ್ಲು ಮನೆ ಹೊರುತ್ತದೆ, ಲಾರಿ ಹೊರುವುದಿಲ್ಲ ಅಂತ
ಆ ದಿನ ನನಗೂ ಗೊತ್ತಿರಲಿಲ್ಲ.

ನಮ್ಮದು ಮೀನಿನ ಲಾರಿ, ಹದಿನಾಲ್ಕು ವರ್ಷದ್ದು.
ಉಪ್ಪುನೀರು ಸುರಿದು ಸುರಿದು
ಚಾಸಿ ಹಪ್ಪಳ ಆಗಿದೆ.
ಬೆಂಗ್ರೆಯ ಅಂಗಳದಲ್ಲಿ ಹೊಯಿಗೆ ಬಿಟ್ಟರೆ ಹೊಯಿಗೆ.
ಗ್ಯಾರೇಜು ಹೊಳೆಯಾಚೆ, ಅದರ ಬಿಲ್ಲು ಇನ್ನೂ ಆಚೆ.
ಹಾಗಾಗಿ ಬ್ರೇಕು, ಬೇರಿಂಗು, ಗ್ರೀಸು ಎಲ್ಲ
ಇವರೇ, ಆದಿತ್ಯವಾರ, ಬನಿಯಾನಿನಲ್ಲಿ.

'ವಾಮನಣ್ಣ ಬರಲಿಲ್ವಾ?'
ಬಂದರೆ ಆ ಕೆಂಪಿನದ್ದೇ ಒಯ್ಯುತ್ತಿದ್ದರು ಮಾರಾಯ್ರೆ,
ಮದುಮಗನ ಹಾಗೆ ಕೂತಿದೆ,
ಮೈತುಂಬ ಬಂಗಾರದ ಅಕ್ಷರ.
'ಮೂರು ಟನ್ನು. ಖಾಲಿ ಲಾರಿಗೆ ಧಾರಾಳ.'
ಖಾಲಿ ಅಂದರೆ ಯಾವಾಗ?
ಐಸು ಕರಗಿದ ಮೇಲಾ, ಪೆಟ್ಟಿಗೆ ಇಳಿಸಿದ ಮೇಲಾ?
ಟಯರು ನಮ್ಮಲ್ಲಿ ಕೇಳಿ ಪಂಚರಾಗುವುದುಂಟಾ?

ಅಂಗಡಿಯೆದುರು ಅವನದೇ ಪಿಕಪ್ಪು ನಿಂತಿತ್ತು.
ಅದಕ್ಕೆ ಕೊಟ್ಟು ಎತ್ತಿ ಅಂದೆ.
ಮೂಲೆಯ ಹಿಡಿಸೂಡಿಯಿಂದ ಒಂದು ಕಡ್ಡಿ ಎಳೆದು
ನೆಲಕ್ಕೂ ಬಂಪರಿಗೂ ಸರಿಯಾಗಿ ಮುರಿದು
ನಡುವೆ ನಿಲ್ಲಿಸಿದೆ.
ಇನ್ನು ಚಾ ತರಿಸಿ.

ಚಾ ಮುಗಿಯುವಾಗ ಕೆಂಪಿನದರ ಕಡ್ಡಿ
ಬಿಲ್ಲಿನ ಹಾಗೆ ಬಾಗಿತ್ತು.
ನೀಲಿಯದ್ದು ಅರ್ಧ ಲೋಟಕ್ಕೇ ಎಣ್ಣೆ ಬೆವರಿತು.
ಐದು ಟನ್ನಿನದ್ದೊಂದು, ಬೂದಿ ಬಣ್ಣ, ಆನೆಮರಿಯ ಭಾರ,
ಧೂಳು ಒರೆಸಿದ್ದೂ ಅವತ್ತೇ ಇರಬೇಕು,
ಎರಡನೇ ಚಾ ಆಯಿತು, ಗಿರಾಕಿಗಳು ಬಂದು ಹೋದರು,
ಮಸೀದಿಯಲ್ಲಿ ಬಾಂಗು ಆಯಿತು,
ಕಡ್ಡಿ ಕಡ್ಡಿಯಾಗಿಯೇ ಇತ್ತು.

'ಇದೇ ಇರಲಿ.'
'ಇರಲಿ. ಸ್ಟ್ಯಾಂಡು ಎರಡು ತೆಗೊಳ್ಳಿ.'
'ಈಗಷ್ಟೆ ಗಟ್ಟಿ ಅಂದ್ರಲ್ಲ?'
'ಗಟ್ಟಿಯೇ. ಆದರೆ ಬರೀ ಇದನ್ನು ನಂಬಿ
ನಾನಾದರೂ ಅಡಿಗೆ ಹೋಗುವುದಿಲ್ಲ.
ಎತ್ತಲಿಕ್ಕೆ ಇದು. ಹೊರಲಿಕ್ಕೆ ಅದು.
ಸ್ಟ್ಯಾಂಡು ಬೇಡದವರಿಗೆ ನಾನು ಜಾಕು ಕೊಡುವುದಿಲ್ಲ.'
ಚಪ್ಪಲಿ ಮಾತ್ರ ವಾಪಸು ಕೊಡಲಿಲ್ಲ,
ಕೆಂಪು ಜಾಕಿನ ಮೇಲೆ ಮೊಳೆ ಹೊಡೆದು ತೂಗಿಸಿದ.

ದೋಣಿಯಲ್ಲಿ ಜಾಕಿಗೂ ಟಿಕೇಟು ಹರಿದರು.
ಮೀನಿನ ಬುಟ್ಟಿಗಳ ನಡುವೆ ಅದು
ಹೊಳೆ ನೋಡುತ್ತ ಕೂತಿತು, ನನ್ನದೇ ಯಾರೋ ಹಿರಿಯರ ಹಾಗೆ.

ಇವತ್ತು ಆದಿತ್ಯವಾರ.
ಹೊಯಿಗೆಯ ಮೇಲೆ ಹಳೇ ದೋಣಿಯ ಹೆಬ್ಬಲಸಿನ ಹಲಗೆ,
ಹಲಗೆಯ ಮೇಲೆ ಜಾಕು, ಪಕ್ಕಕ್ಕೆ ಸ್ಟ್ಯಾಂಡು ಎರಡು,
ಮುಂದಿನ ಟಯರಿಗೆ ಮರದ ತುಂಡು.
ಇವರ ಕಾಲು ಮಾತ್ರ ಕಾಣುತ್ತದೆ,
ಹೊಸ ಚಪ್ಪಲಿ, ಎಡದ್ದೂ ಬಲದ್ದೂ.

ಬೇಕಾಗಿರಲಿಲ್ಲ,
ಆದರೂ ಹಿಡಿಸೂಡಿಯಿಂದ ಒಂದು ಕಡ್ಡಿ ಎಳೆದೆ.

'ಗಂಜಿ ಆಯಿತಾ?' ಲಾರಿಯ ಅಡಿಯಿಂದ ಸ್ವರ.
ಇಲ್ಲ ಅಂದೆ.
ಹದಿನೇಳರ ಸ್ಪ್ಯಾನರು ಕೈಗೆ ದಾಟಿಸಿ
ಕಡ್ಡಿ ನೋಡುತ್ತ ಅಲ್ಲೇ ಕೂತೆ.