ಷರಾ

ಪೈವಳಿಕೆಯ ನಮ್ಮ ಕಾಲೇಜಿಗೆ ಮೈದಾನವೆಂದರೆ
ಮುರಕಲ್ಲು ಕಡಿದು ಬಿಟ್ಟ ಹೊಂಡದ ತಳ.
ಬಿದ್ದ ಚೆಂಡು ಎತ್ತ ಹಾರುವುದೋ
ಚೆಂಡಿಗೇ ಗೊತ್ತಿಲ್ಲ;
ಶಮ್ಮಾಸನ ಎಡಗಾಲಿಗೆ ಗೊತ್ತು.

ಕೊಚ್ಚಿಯಲ್ಲಿ ಆಯ್ಕೆ.
ಯಾವ ಕಾಲೇಜು, ಎಲ್ಲಿ ಬರುತ್ತದೆ ಅದು?
ಉಪ್ಪಳದಲ್ಲಿ ಇಳಿದು ಇನ್ನೊಂದು ಬಸ್ಸು, ಎಂದ.
ಯಾರೂ ಬರೆದುಕೊಳ್ಳಲಿಲ್ಲ.

ಆಮೇಲೆ ಹುಲ್ಲು. ಚಾಪೆ ಹಾಸಿದಂಥ ಹುಲ್ಲು.
ಚೆಂಡು ಹೇಳಿದ ಮಾತು ಕೇಳುತ್ತ
ನೆಟ್ಟಗೆ ಬಂತು.
ಇವನ ಕಾಲು ಕಲ್ಲಿಗಾಗಿ ಕಾಯಿತು.
ಅಷ್ಟರಲ್ಲಿ ಯಾರೋ ಕೊಂಡೊಯ್ದಿದ್ದರು.

ಷರಾ: ಅರೆಕ್ಷಣ ನಿಧಾನ.

ಅವನ ಪಿ.ಟಿ. ಮಾಸ್ಟರು ನಾನು,
ಕೇಳುವುದಿಷ್ಟೇ ಸ್ವಾಮೀ,
ಇನ್ನೊಂದು ಸಲ ಕರೆಯಿರಿ.
ಆಗದಿದ್ದರೆ ನೀವೇ ಬನ್ನಿ ಇಲ್ಲಿಗೆ,
ನಿಮ್ಮ ಹನ್ನೊಂದು ಮಂದಿಯನ್ನೂ ಕರೆದುಕೊಂಡು.
ಮಂಡಿಗೆ ಹಚ್ಚಲು
ಅಯೋಡಿನ್ ತರಿಸಿಟ್ಟಿರುತ್ತೇನೆ.