ಯಾವ ಕಡೆಯ ಮಾವ

ಆ ಭಾಷೆಯಲ್ಲಿ ಇರುವುದಕ್ಕೇ ಮೂರು ಕ್ರಿಯಾಪದ.
ಮೊದಲ ತರಗತಿಯಲ್ಲೇ ಹೇಳಿಬಿಡುತ್ತೇನೆ:
ಸೇರ್, ಎಸ್ತಾರ್, ಆಯ್.
ಹಡಗಿನ ಕೆಲಸಕ್ಕೆಂದು ಕಲಿಯುವ ಹುಡುಗರು ತಲೆ ಕೆರೆಯುತ್ತಾರೆ.
ಆಗ ಅವರನ್ನು ಧಕ್ಕೆಗೆ ಕರೆದೊಯ್ಯುತ್ತೇನೆ, ಮಾತಿನಲ್ಲೇ:
ಬಂಗುಡೆ ಉಂಟಾ ಅಂತೀರಲ್ಲ, ಆ ಉಂಟು, ಅದೇ ಆಯ್.
ಘಟ್ಟದ ಮೇಲಿನವರು ನಗುವ ನಮ್ಮ ಉಂಟು
ಮ್ಯಾಡ್ರಿಡ್ಡಿನಲ್ಲಿ ಚಲಾವಣೆಯಲ್ಲುಂಟು.

ಮೂವತ್ತೊಂದು ವರ್ಷ, ಮೆಟ್ಟಿಲ ಕೆಳಗಿನ ಕೋಣೆ.
ವಿಭಾಗಕ್ಕೆ ನಾನೊಬ್ಬಳೇ,
ವಾರಿಜಾ ಕರ್ಕೇರ ಎಂಬ ಹಲಗೆ, ಹಲಗೆಗೆ ಗೆದ್ದಲು.
ಸ್ಟಾಫ್ ರೂಮಿನಲ್ಲಿ ಇವತ್ತಿಗೂ ಕೇಳುತ್ತಾರೆ,
ಎಂತ ಸಿಗ್ತದೆ ಮಾರಾಯ್ತಿ ಅದ್ರಲ್ಲಿ?
ಎಲುಬು ಸಿಗ್ತದೆ ಅಂದರೆ ಹೆದರಿಯಾರು.

ನಾನು ಓದುವ ಕಾದಂಬರಿಗಳಲ್ಲಿ ಮೊಮ್ಮಕ್ಕಳು ಅಗೆಯುತ್ತಾರೆ,
ರಸ್ತೆಯ ಬದಿ, ಬಾದಾಮಿ ತೋಟದ ಅಂಚು.
ಅಂತರ್ಯುದ್ಧದಲ್ಲಿ ಗುಂಡಿಕ್ಕಿ ಗುಂಡಿಗೆ ದಬ್ಬಿದವರ ಮೇಲಿಂದ
ಬ್ರಶ್ಶಿನಲ್ಲಿ ಮಣ್ಣು ಸರಿಸುತ್ತಾರೆ.
ಗುಂಡಿಯಲ್ಲಿ ಕೊನೆಗೆ ಸಿಗುವುದೂ ಗುಂಡಿಯೇ,
ಅಂಗಿಯದು.
ಸಿನಿಮಾಗಳಲ್ಲಿ ಅಗೆಯುವುದಿಲ್ಲ.
ಅಜ್ಜಿ ಬೆಳ್ಳುಳ್ಳಿ ಸುಲಿಯುತ್ತಾಳೆ, ಕ್ಯಾಮೆರಾ ಕದಲುವುದಿಲ್ಲ.
ಆ ನಾಲ್ಕು ನಿಮಿಷಕ್ಕೆ ಹದಿನೆಂಟು ಪುಟ ಬರೆದೆ,
ನಲವತ್ತು ಅಡಿಟಿಪ್ಪಣಿ.
ಓದಿದವರು ಇಬ್ಬರು ಪರೀಕ್ಷಕರು, ಮತ್ತೆ ಪ್ರೂಫ್ ನೋಡಿದ ನಾನು.

ಡಿಸೆಂಬರಿನಲ್ಲಿ ಪಣಂಬೂರಿಗೆ ಹಡಗು ಬಂತು.
ಎಂಟು ಗಂಟೆಯ ಮಂಗಳೂರು:
ಒಂದು ದೇವಸ್ಥಾನ, ಒಂದು ಇಗರ್ಜಿ, ಒಂದು ಗೇರುಬೀಜದ ಕಾರ್ಖಾನೆ.
ದುಭಾಷಿ ಸಿಗದೆ ಟ್ರಾವೆಲ್ಸಿನವರು ನನ್ನನ್ನು ಬಸ್ಸು ಹತ್ತಿಸಿದರು.

ಎಂಕಾರ್ನಾ, ಎಂಬತ್ತನಾಲ್ಕು, ಸೊರಿಯಾ ಕಡೆಯವಳು,
ಅಪ್ಪಿಯಕ್ಕನ ಎದುರು ನಿಂತಳು.
ನೋಡಿದ್ದು ಬೀಜವನ್ನಲ್ಲ, ಎಣ್ಣೆಗೆ ಕಪ್ಪಿಟ್ಟ ಬೆರಳುಗಳನ್ನು.
ಉರಿಯುತ್ತದಾ, ಕೇಳು ಅಂದಳು.
ತುಳುವಿನಲ್ಲಿ ಕೇಳಿದೆ.
ಸುರುವಿಗೆ ಉರಿಯುತ್ತಿತ್ತು, ಈಗ ಬೆರಳಿಗೇ ಮರೆತಿದೆಯಂತೆ.
ಇಂಗ್ಲಿಷಿನ ಅಂಗಳ ತುಳಿಯದೆ
ಮಾತು ಆ ಮನೆಯಿಂದ ಈ ಮನೆಗೆ ಬಂತು,
ನನ್ನ ಊರಲ್ಲಿ ಮೊದಲ ಸಲ.

ಅಪ್ಪಿಯಕ್ಕ ಬಿಟ್ಟಾಳೆಯೆ?
ಇವಳ ಮನೆಯಲ್ಲಿ ಯಾರೆಲ್ಲ ಉಂಟು, ಕೇಳು.
ಮಗಳು ಉಂಟು. ನಾಯಿ ಉಂಟು.
ತಿಯೋ ಒಬ್ಬ ಉಂಟು, ಮನೆಯಲ್ಲಲ್ಲ.
ಮೂವತ್ತಾರರ ಆಗಸ್ಟಿನಲ್ಲಿ ಎಳಕೊಂಡು ಹೋದರು, ನಾನು ಹುಟ್ಟಿರಲಿಲ್ಲ.
ಇನ್ನೂ ಸಿಕ್ಕಿಲ್ಲ.

ನನಗೆ ಬಾಯಿಪಾಠವಾದ ವಾಕ್ಯ.
ಇದರ ಮೇಲೆಯೇ ಡಾಕ್ಟರೇಟು, ಬಡ್ತಿ, ಬೊಂದೇಲಿನ ಮನೆಯ ಸಾಲ.
ತುಳುವಿಗೆ ತರುವಾಗ ನಾಲಗೆ ನಿಂತಿತು.
ತಿಯೋ, ಯಾವ ಕಡೆಯ? ಅಪ್ಪನ ತಮ್ಮನೆ, ಅಮ್ಮನ ಅಣ್ಣನೆ?
ಅಲ್ಲಿ ಎಲ್ಲರಿಗೂ ಒಂದೇ ಶಬ್ದ ಸಾಕು.
ಇಲ್ಲಿ, ಅಳಿಯಕಟ್ಟಿನ ಮಣ್ಣಲ್ಲಿ, ಸಾಲದು.
ಅಷ್ಟು ಪುಸ್ತಕಗಳ ಅಷ್ಟು ತಿಯೋಗಳಲ್ಲಿ
ಒಬ್ಬನನ್ನೂ ನಾನು ಕೇಳಿರಲಿಲ್ಲ.

ಅಮ್ಮನ ಅಣ್ಣ, ಅಂದಳು ಎಂಕಾರ್ನಾ.
ಅವನ ಹೆಸರು ಕೂಗಲು ಹೆದರಿಕೆ,
ಅಮ್ಮ ಅದನ್ನು ನಾಯಿಗೆ ಇಟ್ಟಳು.
ಈಗಿನದು ಏಳನೆಯದು.

ತಮ್ಮಲೆ, ಅಂದೆ.
ಪೆಡಲಿನ ಮೇಲೆ ಅಪ್ಪಿಯಕ್ಕನ ಕಾಲು ನಿಂತಿತು.
ಕಡಲಾ? ಅಂದಳು.
ಅವಳ ಪಾಲಿಗೆ, ಸಿಗದೆ ಹೋದವರೆಲ್ಲ ಕಡಲಿಗೆ ಹೋದವರು.
ಯುದ್ಧ, ಗುಂಡು, ಗುಂಡಿ, ಕಾಯಿದೆ, ಕೋರ್ಟು...
ಹಿಂದಿನಿಂದ ಗೈಡು ವಾಚು ತೋರಿಸುತ್ತಿದ್ದ.
ಅಂದ್, ಎಂದೆ. ಹೌದು, ಕಡಲು.

ಅನುವಾದದಲ್ಲಿ ನಿಷ್ಠೆ ಎಂದು ಎರಡು ದಿನದ ಕಮ್ಮಟ ಮಾಡಿದವಳು ನಾನು.

ಅಪ್ಪಿಯಕ್ಕ ಕೈಯನ್ನು ಸೆರಗಿಗೆ ಒರೆಸಿದಳು,
ಹೋಗದ ಕಪ್ಪಿನಲ್ಲೇ ಆ ಬಿಳಿ ಮಣಿಕಟ್ಟು ಹಿಡಿದಳು.
ಏನು ಹೇಳಿದಳು, ಎಂಕಾರ್ನಾ ಬಸ್ಸಿನಲ್ಲಿ ಕೇಳಿದಳು.
ಅವರಲ್ಲೂ ಒಬ್ಬ ಉಂಟಂತೆ, ಎಂದೆ.

ಅಪ್ಪಿಯಕ್ಕ ಹಾಗೆ ಹೇಳಿರಲಿಲ್ಲ.
ಇರಲೂಬಹುದು.
ಸೋಮವಾರ ಹೋಗಿ ಕೇಳಬೇಕು;
ಮಾರ್ಚಿಗೆ ಕೋರ್ಸು ಮುಚ್ಚುತ್ತಾರೆ,
ಇರುವ ಮೂವರ ಕ್ಲಾಸು ಹತ್ತಕ್ಕೇ ಮುಗಿಯುತ್ತದೆ.